ಸೋರಗುಡ್ಡದ ಒಂಬತ್ತು ಕಲ್ಲು

ಅಡವಿ ಕಾಯುವ ಗಾರ್ಡ ಅಪ್ಪನಿಗೆ, ನಿನ್ನ ಹೆದರುಪುಕ್ಕಲು ಗಂಗಿ ಮಾಡುವ ನಮಸ್ಕಾರ.

ಅಪ್ಪಾ, ಗುಡ್ಡಕ್ಕೆ ಹೋಗುವ ಹಿಂದಿನ ದಿನ ಮಧ್ಯಾಹ್ನ ಅಕ್ಕಿ ಆರಿಸುತ್ತ ಕುಳಿತಲ್ಲೇ ಕಣ್ಣು ಹತ್ತಿ ಕೆಟ್ಟ ಕನಸೊಂದು ಬಿತ್ತು. ಸೋರಗುಡ್ಡದ ಒಂಬತ್ತೂ ಗಡಿಕಲ್ಲುಗಳು, ಮಲಗಿದ ಎಮ್ಮೆ ಏಳುತ್ತದಲ್ಲ, ಮೊದಲು ಹಿಂಗಾಲು ಆಮೇಲೆ ಮುಂಗಾಲು, ಹಾಗೆ ಎದ್ದು ಗುಡ್ಡ ಹತ್ತತೊಡಗಿದವು. ಅವುಗಳ ಮುಂದೆ ನೀನು. ಖಾಕಿ ಅಂಗಿ, ಹೆಗಲ ಮೇಲೆ ಕೋಲು, ಬೆನ್ನಷ್ಟೇ ಕಾಣಿಸುತ್ತಿತ್ತು. ನಾನು ಕೂಗಿದೆ, ನೀನು ತಿರುಗಲಿಲ್ಲ. "ಎಣಸ್ಕೊಂತ ಬಾ" ಅಂದಿ. ಎಣಿಸಿದೆ, ಎಂಟೇ ಬಂದವು. ಮತ್ತೆ ಎಣಿಸಿದೆ, ಮತ್ತೆ ಎಂಟು. ಎಚ್ಚರಾದಾಗ ಮೊರದ ಅಕ್ಕಿ ಎಲ್ಲ ನೆಲದ ಮೇಲಿತ್ತು.

ನಿನ್ನ ಅಳಿಯ ರೈಲ್ವೆ ಕಾರಖಾನೆಯಿಂದ ಬಂದವರು ನೆಲ ನೋಡಿದರು, ನನ್ನ ಮುಖ ನೋಡಿದರು. "ಕನಸಿನ್ಯಾಗ ಹುಲಿ ಬಂದ್ರೂ ಅದರದು ಊಟ ಆಗೇತೋ ಇಲ್ಲೋ ಅಂತ ಚಿಂತಿ ಮಾಡಾಕಿ ನೀ" ಅಂದರು. ಎಲೆ ಹಾಕಿಕೊಳ್ಳುವುದಕ್ಕೆ ಗೂಡಿಗೆ ಕೈ ಹಾಕಿ ನಿನ್ನ ಸುಣ್ಣದ ಡಬ್ಬಿ ತೆಗೆದುಕೊಂಡರು. ಅದು ಈಗ ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಯಲ್ಲೇ ಇದೆ. ಮುಚ್ಚಳ ಇನ್ನೂ ಹಾಗೇ ಬಿಗಿ, ಹಲ್ಲಿನಿಂದ ಕಚ್ಚಿಯೇ ತೆಗೆಯಬೇಕು. "ಚಿಂತಿ ಮಾಡಿದ್ರೂ ಹೋಗೂದು ಬಿಡಬ್ಯಾಡ. ನೀ ಹೋಗಲಿಲ್ಲಂದ್ರ ಇನ್ನೂ ಇಪ್ಪತ್ತು ವರ್ಷ ಈ ಮನ್ಯಾಗ ಅಕ್ಕಿ ನೆಲದ ಮ್ಯಾಲ ಬೀಳ್ತೈತಿ" ಅಂದರು. ಖರೇ ಮಾತು. ಆದರೂ ಚೆಲ್ಲಿದ ಅಕ್ಕಿ ಬಳಿಯುವಾಗಲೂ ಎಣಿಸುತ್ತಲೇ ಇದ್ದೆ.

ಅದಕ್ಕೂ ನಾಲ್ಕು ದಿನ ಮುಂಚೆ ದ್ಯಾಮಣ್ಣ ಕಾಕಾ ಬಂದಿದ್ದರು. ಕೆಳಗಿನೂರಿನ ಕೆರೆಯ ತೂಬು ಕಾಯುತ್ತಿದ್ದ ಅದೇ ದ್ಯಾಮಣ್ಣ, ನೀನು 'ಮೀನಿನಂಥವ, ಕೆರಿ ಬಿಟ್ಟರ ಸಾಯ್ತಾನ' ಅನ್ನುತ್ತಿದ್ದೆಯಲ್ಲ. ಹುಬ್ಬಳ್ಳಿಯ ತನಕ ಬಂದಿದ್ದಾರೆ ಅಂದರೆ ಏನೋ ಮುಳುಗಿದೆ ಎಂದು ಅವರು ಚಪ್ಪಲಿ ಬಿಡುವಾಗಲೇ ನನಗೆ ಗೊತ್ತಾಯಿತು. ನೀರು ಕೊಟ್ಟೆ, ಕುಡಿಯಲಿಲ್ಲ.

"ಗಂಗವ್ವಾ, ಕಲ್ಲು ಮ್ಯಾಲ ಹೋಗ್ಯಾವ."

"ಯಾವ ಕಲ್ಲು ಕಾಕಾ?"

"ನಿಮ್ಮಪ್ಪ ಹಾಕಿದ್ದು. ಒಂಬತ್ತೂ. ಹೋದ ವರ್ಷನ ಒಂದು ಕೂಗಳತಿ ಮ್ಯಾಲ ಹೋಗಿ ಕುಂತಾವ. ಮೇಲಿನೂರ ಬಾಳನಗೌಡ ಮೊದಲಿಂದ ಅಲ್ಲೇ ಇದ್ದೂ ಅಂತಾನ. ಕಲ್ಲಿನ ಕೆಳಗಿನ ಮರಾ ಎಲ್ಲಾ ಕಡದು ಹೊಲಾ ಮಾಡಾಕ ಅರ್ಜಿ ಕೊಟ್ಟಾನ. ಬರೂ ಮಂಗಳವಾರ ಅಡವಿ ಇಲಾಖೆ ಸಾಹೇಬ ಬರಾಕತ್ತಾನ, ನೋಡಾಕ."

"ಕಾಗದ ಇತ್ತಲ್ಲ ಕಾಕಾ?"

"ಕಾಗದ!" ಅವರು ನಕ್ಕರು, ಅಳುವ ಹಾಗೆ ನಕ್ಕರು. "ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಗದ್ದಲದಾಗ ಆ ಹಳೇ ರೇಂಜರ ಮರಾಠ್ಯಾಗ ಬರಕೊಂಡು ಹ್ವಾದ. ಅಂವಾ ಬದಲಿ ಆಗಿ ಪುಣೆಕ್ಕ ಹ್ವಾದ, ಕಾಗದ ಎತ್ತಾಗ ಹೋತೋ. ಕಚೇರ್ಯಾಗ ಕೇಳಿದ್ರ ಅಂಥಾದ್ದು ಇಲ್ಲಾ ಅಂತಾರ. ಹೆಬ್ಬೆಟ್ಟು ಒತ್ತಿದವರಾಗ ಅರ್ಧಾ ಮಂದಿ ಸತ್ತಾರ, ಅರ್ಧಾ ಮಂದಿ ಗೌಡನ ಕಡೆ ಆಗ್ಯಾರ. ಬಾಳನಗೌಡ ಏನಂತಾನ ಗೊತ್ತೈತಿ? ಗಾರ್ಡ ಕಲ್ಲು ಹಾಕಿದ್ದ ಸುಳ್ಳು, ಚಾವಡ್ಯಾಗ ಕುಂತು ಎಲಿ ಅಡಿಕಿ ಹಾಕ್ಕೊಂತ ಗಡಿ ಬರದಾನ ಅಂತಾನ."

ಅಪ್ಪಾ, ಅಲ್ಲಿಯ ತನಕ ನನಗೆ ಹೆದರಿಕೆಯಷ್ಟೇ ಇತ್ತು. ಆ ಮಾತು ಕೇಳಿದ ಮೇಲೆ ಹೆದರಿಕೆಯ ಕೆಳಗೆ ಇನ್ನೊಂದು ಏನೋ ಹೊತ್ತಿಕೊಂಡಿತು. ನೀನು ಕುಳಿತು ಗಡಿ ಬರೆದವನೇ? ವರ್ಷಕ್ಕೆ ಎರಡು ಜೋಡು ಚಪ್ಪಲಿ ಸವೆಸುತ್ತಿದ್ದ ನೀನು?

"ನಾ ಏನ ಮಾಡ್ಲಿ ಕಾಕಾ? ನನಗ ಸಾಕ್ಷಿ ಗೀಕ್ಷಿ ಅಂದ್ರ ಕಾಲು ನಡಗ್ತಾವ."

"ಇದ್ದಿಲ ಬುಟ್ಟಿ ಹೊತ್ತಾಕಿ ಯಾರವ್ವಾ?" ಎಂದರು ದ್ಯಾಮಣ್ಣ ಕಾಕಾ. "ನೀನ ಹೌದಲ್ಲ?"

ನೆನಪಿದೆಯೇ ನಿನಗೆ, ಆ ಜಗಳದ ವರ್ಷ? ಐವತ್ತೇಳರ ಬೇಸಿಗೆ. ಮೇಲಿನೂರಿನ ಗೆಣಸಿನ ಹೊಲಕ್ಕೆ ಹಂದಿ ನುಗ್ಗಿ ಬಾಳನಗೌಡರ ಮೂರು ಪಟ್ಟಿ ಹೊಲವನ್ನು ನೇಗಿಲು ಹೊಡೆದ ಹಾಗೆ ಉತ್ತು ಹಾಕಿದ್ದವು. ಗೌಡರು ಬಂದೂಕು ಹಿಡಿದು ಚಾವಡಿಗೆ ಬಂದರು. "ಅಡವಿ ಇದ್ದರ ಹಂದಿ, ಹಂದಿ ಇದ್ದರ ನಾವು ಉಪವಾಸ. ಗುಡ್ಡಾ ಬೋಳಿಸ್ತೇವಿ" ಅಂದರು. ಕೆಳಗಿನೂರಿನವರು ಕುಡಗೋಲು ಹಿಡಿದು ಬಂದರು. "ಗುಡ್ಡಾ ಬೋಳಿಸಿದ್ರ ಮೊದಲ ಮಳಿಗೇ ಮಣ್ಣೆಲ್ಲಾ ಇಳದು ನಮ್ಮ ಕೆರಿ ತುಂಬ್ತೈತಿ, ನೀರಿಲ್ದ ನಾವು ಸಾಯ್ತೇವಿ" ಅಂದರು. ನಡುವೆ ನೀನು, ಕೈಯಲ್ಲಿ ಬರೀ ಒಂದು ಕೋಲು. ಕಟ್ಟೆಯ ಹಿಂದೆ ಬುತ್ತಿ ಹಿಡಿದುಕೊಂಡು ಅಡಗಿದ್ದವಳು ನಾನು. ಇವತ್ತು ನನ್ನ ಅಪ್ಪ ಸಾಯುತ್ತಾನೆ ಅಂದುಕೊಂಡಿದ್ದೆ.

ನೀನು ಕಾನೂನು ಹೇಳಲಿಲ್ಲ. "ಗೌಡ್ರ, ನಾಳೆ ಮುಂಜಾನೆ ನನ್ನ ಜೋಡಿ ಬೋಳಗುಡ್ಡಕ್ಕ ಬರ್ರಿ. ದ್ಯಾಮಣ್ಣಾ, ನೀ ಇವತ್ತಿಂದ ಎಂಟು ದಿನ ಗೌಡ್ರ ಹೊಲದ ಮಂಚಿಕಿ ಮ್ಯಾಲ ಮಲಗು" ಅಂದಿ. ಎರಡೂ ಊರಿನವರು ಬೆಪ್ಪಾದರು. ಬೋಳಗುಡ್ಡದ ಮರಗಳನ್ನು ಇದ್ದಿಲು ಸುಡುವವರು ಯಾವಾಗಲೋ ಕಡಿದು ಹೋಗಿದ್ದರು. ಅದರ ಬುಡದಲ್ಲೊಂದು ಸತ್ತ ಕೆರೆ. ನೀನು ಗೌಡರ ಕೈಗೆ ಸಲಿಕೆ ಕೊಟ್ಟು "ನೀರು ಹತ್ತೂ ತನಕ ಅಗೀರಿ" ಅಂದಿಯಂತೆ. ಸೊಂಟದ ತನಕ ಅಗೆದರೂ ಬರೀ ಕೆಂಪು ಹೂಳು. ಇತ್ತ ದ್ಯಾಮಣ್ಣ ಎಂಟು ದಿನ ಕಾವಲಿನ ಅಟ್ಟವಾದ ಆ ಮಂಚಿಕೆಯ ಮೇಲೆ ಹಂದಿ ಓಡಿಸಲು ಡಬ್ಬಿ ಬಡಿದು, ಕೂಗಿ ಕೂಗಿ ಗಂಟಲು ಹೋಗಿ, ಒಂಬತ್ತನೆಯ ದಿನ ಪಿಸುಮಾತಿನಲ್ಲಿ "ಗೌಡ್ರು ಹೇಳೂದು ಸುಳ್ಳಲ್ಲೋ ಮಾರಾಯಾ" ಅಂದರು. ಎದುರಿನವನ ಹಾದಿಯನ್ನು ಅವನ ಚಪ್ಪಲಿ ಹಾಕಿಕೊಂಡು ನಡೆದು ಬಾ, ಆಮೇಲೆ ಜಗಳ ಮಾಡು. ಇದು ನಿನ್ನ ಪದ್ಧತಿ. ಇದನ್ನು ನಿನಗೆ ಯಾವ ಸಾಲಿಯಲ್ಲಿ ಕಲಿಸಿದ್ದರು?

ಹಾಗೆ ಆ ಒಪ್ಪಂದ ಆಯಿತು. ಗುಡ್ಡದ ಹೊಟ್ಟೆಗೆ ಅಡ್ಡ ಒಂಬತ್ತು ಕಲ್ಲು. ಕಲ್ಲಿನ ಸಾಲಿನಿಂದ ಮೇಲಕ್ಕೆ ಇರುವ ಮರಕ್ಕೆ ಕೊಡಲಿ ಇಲ್ಲ, ಹಂದಿಗೆ, ಕಡವೆಗೆ ಬಂದೂಕಿಲ್ಲ. ಬಿದ್ದ ಒಣ ಕಟ್ಟಿಗೆ ಮಾತ್ರ ಕಟ್ಟಿಗೆ ಮಾರುವ ಹೆಣ್ಣುಮಕ್ಕಳದು. ಕಲ್ಲಿನ ಕೆಳಗೆ ಗೌಡರು ಮುಳ್ಳುಬೇಲಿ ಹಾಕಬಹುದು, ತಗ್ಗು ತೋಡಬಹುದು. ಇನ್ನು ಹಂದಿ ಕಾಯುವವರು ಯಾರು? "ನೀರು ಕುಡಿಯೋರು ಕಾವಲಾ ಕಾಯ್ಲಿ" ಅಂದಿ. ಅಡವಿ ಉಳಿದರೆ ಲಾಭ ಕೆಳಗಿನೂರಿಗೆ, ಅಡವಿಯ ಕಾಟ ಮೇಲಿನೂರಿಗೆ. ಆದ್ದರಿಂದ ಬೆಳೆ ನಿಂತಿರುವಷ್ಟು ದಿನ ಕೆಳಗಿನೂರಿನ ಇಬ್ಬರು ಪಾಳಿಯ ಮೇಲೆ ಮೇಲಿನೂರಿನ ಮಂಚಿಕೆ ಏರಬೇಕು. ಇಷ್ಟು ಸರಳವಾದದ್ದು ಅಷ್ಟು ದೊಡ್ಡ ಮಂದಿಗೆ ಯಾಕೆ ಹೊಳೆದಿರಲಿಲ್ಲ?

ಕಲ್ಲು ಹಾಕಿದ ದಿನ ಇದ್ದಿಲು ತುಂಬಿದ ಬುಟ್ಟಿ ನನ್ನ ತಲೆಯ ಮೇಲಿತ್ತು. "ಇದ್ಯಾಕಪ್ಪಾ?" ಅಂದೆ. "ಕಲ್ಲಿಗೆ ಕಾಲು ಅದಾವವ್ವಾ. ಮನಷ್ಯಾ ಎಬ್ಬಿಸಿದ್ರ ಏಳ್ತೈತಿ. ಇದ್ದಿಲು ಮಣ್ಣಾಗ ಕೊಳಿಯೂದಿಲ್ಲ, ಹುಳಾ ತಿನ್ನೂದಿಲ್ಲ, ಯಾರೂ ಕದಿಯೂದಿಲ್ಲ" ಅಂದಿ. ನಿನ್ನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಒಂದೊಂದು ತಗ್ಗಿನಲ್ಲಿ ಎರಡು ಬೊಗಸೆ ಇದ್ದಿಲು, ಮೇಲೆ ಮಣ್ಣು, ಅದರ ಮೇಲೆ ಕಲ್ಲು. ಆರು ಕಲ್ಲು ಆದವು. ಏಳನೆಯದಕ್ಕೆ ಹೋಗುವಾಗ ಬಿದಿರು ಮೆಳೆಯ ಹಿಂದಿನಿಂದ ಹಂದಿಯೊಂದು ಮರಿಗಳ ಸಮೇತ ಎದ್ದಿತು. ನಾನು ಬುಟ್ಟಿ ಬಿಸಾಡಿ ಓಡಿ, ಮುಗ್ಗರಿಸಿ ಬಿದ್ದೆ. ಹೆಚ್ಚಿನ ಇದ್ದಿಲು ಕೆಳಗಿನ ಹಳ್ಳಕ್ಕೆ ಉರುಳಿ ಹೋಯಿತು. ಬುಟ್ಟಿಯ ತಳದಲ್ಲಿ ಉಳಿದದ್ದು ಕಡೆಯ ಎರಡು ಕಲ್ಲಿಗೆ ಸಾಕಾಗುವಷ್ಟೇ. ಸೊಂಟಕ್ಕೆ ಕಟ್ಟಿಕೊಂಡಿದ್ದ ಚೀಲದೊಳಗೆ ನನ್ನ ಬರೆಯುವ ಪಾಟಿ ಮೂರು ಚೂರಾಗಿತ್ತು.

ಆ ಪಾಟಿ! ಮೂರು ಸಲ ಸಾಲಿ ಸೇರಿ ಮೂರು ಸಲ ಬಿಟ್ಟವಳು ನಾನು. ಮೊದಲು ಅವ್ವನ ಬೇನೆಗೆ, ಆಮೇಲೆ ಅವ್ವ ಹೋದದ್ದಕ್ಕೆ, ಮೂರನೆಯ ಸಲ ನಿನ್ನ ಬುತ್ತಿಗೆ. ಹದಿನಾಲ್ಕಾದರೂ ಆ ಪಾಟಿ ಬಿಟ್ಟಿರಲಿಲ್ಲ. ಅದರ ಕಟ್ಟಿಗೆಯ ಚೌಕಟ್ಟು ಯಾವಾಗಲೋ ಹೋಗಿತ್ತು. ನೀನೇ ಮೂಲೆಯಲ್ಲಿ ಒಂದು ತೂತು ಕೊರೆದು ದಾರ ಕಟ್ಟಿಕೊಟ್ಟಿದ್ದಿ. ನನ್ನ ಅಕ್ಷರ ನೆಟ್ಟಗೆ ಬರಲಿ ಎಂದು ಕುಡಗೋಲಿನ ತುದಿಯಿಂದ ಐದು ಗೆರೆ ಕೊರೆದಿದ್ದಿ. ಮೂರನೆಯ ಗೆರೆ ಕೊರೆಯುವಾಗ ಯಾರೋ ಕರೆದರು, ಗೆರೆ ಹಾವಿನ ಹಾಗೆ ಸೊಟ್ಟಗೆ ಹೋಯಿತು. ಚೂರು ನೋಡಿ ನಾನು ಅತ್ತೆ. ನೀನು ಬೈಯಲಿಲ್ಲ. "ಅಳಬ್ಯಾಡ. ಪಾಟೀನೂ ಕೊಳಿಯೂದಿಲ್ಲ. ತಾ ಇಲ್ಲೆ" ಅಂದಿ. ಏಳನೆಯ ತಗ್ಗಿನಲ್ಲಿ ಇದ್ದಿಲಿನ ಬದಲು ನನ್ನ ಸಾಲಿ ಹೂತುಹೋಯಿತು.

ಸಂಜೆ ಚಾವಡಿಯಲ್ಲಿ ಕಾಗದದ ಮೇಲೆ ಹನ್ನೊಂದು ಮಂದಿಯ ಹೆಬ್ಬೆಟ್ಟು ಒತ್ತಿಸಿದಿ. ನನ್ನದು ಕೇಳಲಿಲ್ಲ. ಎಲ್ಲರಿಗೂ ಚಹಾ ಕೊಟ್ಟವಳು ನಾನೇ. ಅದು ನನಗೆ ಚುಚ್ಚಿದ್ದನ್ನು ಇಷ್ಟು ವರ್ಷ ನಿನಗೆ ಹೇಳಿರಲಿಲ್ಲ. ಈಗ ಹೇಳುತ್ತೇನೆ, ಸಿಟ್ಟು ಬಂದರೆ ಬರಲಿ.

ನೀನು ಹೋದ ದಿನವೂ ಹೀಗೇ, ಎಲ್ಲ ಗಂಡಸರು ಮಾತಾಡುತ್ತಿದ್ದರು. ಖಾಕಿ ಅಂಗಿಯಲ್ಲೇ ಮಣ್ಣು ಮಾಡಬೇಕೆಂದು ನೀನು ಮೊದಲೇ ಹೇಳಿಟ್ಟಿದ್ದಿ. ಆ ಅಂಗಿಯ ಗುಂಡಿ ಹಾಕುವಾಗ ಎಡಗಿಸೆಯಲ್ಲಿ ಏನೋ ಗಟ್ಟಿಯಾದದ್ದು ನನ್ನ ಕೈಗೆ ಹತ್ತಿತು. ಸುಣ್ಣದ ಡಬ್ಬಿ ಇರಬೇಕು, ಅಲ್ಲೂ ಎಲೆ ಹಾಕಿಕೊಳ್ಳಲಿ ಎಂದು ತೆಗೆಯದೆ ಬಿಟ್ಟೆ. ಆಗ ಹೆಚ್ಚು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.

ನೀನು ಹೋದ ಮೇಲೆ ಏನೇನಾಯಿತು ಎಂಬುದನ್ನು ಮಂಗಳವಾರ ದಾರಿಯಲ್ಲಿ ಕಾಶಕ್ಕ ಹೇಳಿದಳು. ಅವಳು ಈಗಲೂ ಮುಂಜಾನೆ ಕಟ್ಟಿಗೆಯ ಹೊರೆ ಹೊತ್ತು ಧಾರವಾಡದ ಮಾಳಮಡ್ಡಿಗೆ ಬರುತ್ತಾಳೆ. ಮೊದಲನೆಯ ಗಾಡಿಗೆ ನಾನು ಧಾರವಾಡದಲ್ಲಿ ಇಳಿದೆ. ಇಳಿದ ಕೂಡಲೇ ಮನೆಯ ಚಿಲಕ ಹಾಕಿದೆನೋ ಇಲ್ಲವೋ ಎಂಬ ಚಿಂತೆ ಹತ್ತಿ ತಿರುಗಿ ಹೋಗುವವಳೇ ಇದ್ದೆ. ಅಷ್ಟರಲ್ಲಿ ಹೊರೆ ಮಾರಿ ಬರುತ್ತಿದ್ದ ಕಾಶಕ್ಕ ಸಿಕ್ಕಳು, ನನ್ನ ರಟ್ಟೆ ಹಿಡಿದಳು.

"ಎಲ್ಲಿಗೆ ಹೊಂಟಿ? ಗುಡ್ಡಾ ಆ ಕಡೆ ಐತಿ."

"ಕಾಶಕ್ಕಾ, ಚಿಲಕಾ..."

"ನಿನ್ನ ಮನ್ಯಾಗ ಕದಿಯಾಕ ಏನ ಐತಿ? ನಿನ್ನ ಚಿಂತಿ ಒಯ್ದ ಕಳ್ಳ ಮರದಿನಾ ತಿರಗಿ ತಂದ ಇಡ್ತಾನ. ನಡಿ."

ನಡೆಯುತ್ತ ನಡೆಯುತ್ತ ಅವಳು ಹೇಳಿದ್ದು ಕೇಳಿ ನನ್ನ ಕಾಲು ನಿಂತವು. ನೀನು ಹೋದ ಮರುವರ್ಷದಿಂದಲೇ ಕೆಳಗಿನೂರಿನವರು ಕಾವಲಿಗೆ ಹೋಗುವುದು ಬಿಟ್ಟರಂತೆ. ಮೊದಲು ಒಬ್ಬನಿಗೆ ಜ್ವರ, ಇನ್ನೊಬ್ಬನ ಮನೆಯಲ್ಲಿ ಮದುವೆ. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟರು. ಕೆರೆ ತುಂಬಿತ್ತು, ಇನ್ನು ಹಂದಿಯ ಚಿಂತೆ ಯಾರಿಗೆ? "ದ್ಯಾಮಣ್ಣ ಇದನ್ನ ನಿನಗ ಹೇಳಿಲ್ಲಾ?" ಅಂದಳು ಕಾಶಕ್ಕ. ಹೇಳಿರಲಿಲ್ಲ, ಅಪ್ಪಾ. ನನ್ನ ಮನೆಯಲ್ಲಿ ಕುಳಿತು ಬಾಳನಗೌಡರ ತಪ್ಪನ್ನಷ್ಟೇ ಹೇಳಿದ್ದರು.

ಸಾಹೇಬರು ಹತ್ತು ಗಂಟೆಗೆ ಜೀಪಿನಲ್ಲಿ ಬಂದರು. ಮೈಸೂರು ಕಡೆಯವರು, ಕನ್ನಡಕ ಹಾಕಿದ್ದ ಚಿಕ್ಕ ವಯಸ್ಸಿನವರು. ಎರಡೂ ಊರಿನ ಮಂದಿ ಜಾತ್ರೆಯ ಹಾಗೆ ಸೇರಿದ್ದರು. ಗೌಡರು ಸಾಹೇಬರಿಗೆ ಎಳೆಗೆಣಸು ತಿನ್ನಿಸುತ್ತ, "ಅಡವಿ ಇದ್ದರ ಹೊಟ್ಟಿ ತುಂಬ್ತೈತೇನ್ರಿ ಸಾಹೇಬ್ರ? ಸರಕಾರದವರ ಹೇಳಾಕತ್ತಾರಲ್ಲ, ಕಾಳು ಬೆಳೀರಿ ಅಂತ" ಅನ್ನುತ್ತಿದ್ದರು. ಆ ಮಾತಿನಲ್ಲಿ ಸುಳ್ಳೇನಿತ್ತು ಹೇಳು? ರೇಶನ್ನಿನ ಜೋಳಕ್ಕೆ ಸಾಲು ನಿಂತು ನಿಂತು ನನ್ನ ಕಾಲೂ ಬಾತಿವೆ. ಆದರೆ ಮೂರು ಬೆಳೆ ತೆಗೆದ ಮೇಲೆ ಮಣ್ಣೆಲ್ಲ ಕೆರೆಗೆ ಇಳಿದು, ಮೇಲೆ ಹೊಲವೂ ಇಲ್ಲ, ಕೆಳಗೆ ನೀರೂ ಇಲ್ಲ ಎಂದಾದರೆ ಆಗ ಯಾವ ಸಾಲಿನಲ್ಲಿ ನಿಲ್ಲುವುದು?

"ನೀವು ಯಾರಮ್ಮ?" ಅಂದರು ಸಾಹೇಬರು.

ಹೆಸರು ಹೇಳಲು ಬಾಯಿ ತೆರೆದೆ. ಗೌಡರೇ ಹೇಳಿದರು, "ಗಾರ್ಡನ ಮಗಳ್ರಿ. ಗಾಳಿಗೆ ಎಲಿ ಅಲುಗಿದ್ರ ಅಳ್ತಿದ್ಲು. ಇಕಿ ಏನ ಹೇಳ್ತಾಳ್ರಿ?"

ಮಂದಿ ನಕ್ಕರು. ನನ್ನ ಕಾಲು ಖರೇನೇ ನಡುಗುತ್ತಿದ್ದವು. ನಡುಗುವ ಕಾಲಿನಲ್ಲೂ ಗುಡ್ಡ ಹತ್ತಬಹುದು ಎಂದು ಅವತ್ತು ಗೊತ್ತಾಯಿತು. ನಾನು ಮುಂದೆ ನಡೆದೆ. ನೀರು ಜಿನುಗುವ ಹಾಸುಗಲ್ಲಿನಿಂದ ಎಡಕ್ಕೆ ಇಪ್ಪತ್ತು ಹೆಜ್ಜೆ, ಮೊದಲನೆಯ ಕಲ್ಲಿನ ಹಳೆಯ ಜಾಗ. ಅಲ್ಲಿ ನಿಂತು "ಇಲ್ಲೆ ಅಗೀರಿ" ಅಂದೆ. ಅಷ್ಟು ಮೆಲ್ಲಗೆ ಅಂದೆನೋ ಏನೋ, ಕಾಶಕ್ಕ ನನ್ನ ಪರವಾಗಿ ಊರಿಗೇ ಕೇಳುವ ಹಾಗೆ ಕೂಗಿದಳು, "ಇಲ್ಲೆ ಅಗೀಬೇಕಂತ!"

ದ್ಯಾಮಣ್ಣ ಕಾಕಾ ಅಗೆದರು. ಮೊಳಕೈ ಆಳದಲ್ಲಿ ಇದ್ದಿಲು. ಕರ್ರಗೆ, ನಿನ್ನೆ ಹಾಕಿದ ಹಾಗೆ. ಎರಡನೆಯದು ಜೋಡಿ ಮತ್ತಿಮರದ ನಡುವೆ. ಒಂದು ಮರ ಕಡಿದಿದ್ದರು, ಬೊಡ್ಡೆ ಇತ್ತು, ಅದರ ಬುಡದಲ್ಲೂ ಇದ್ದಿಲು. ಆರು ತಗ್ಗಿನಲ್ಲೂ ಸಿಕ್ಕಿತು. ಕೆಳಗಿನೂರಿನವರು ಸಿಳ್ಳೆ ಹೊಡೆದರು. ಆಗ ಗೌಡರು ಮುಂದೆ ಬಂದು ಒಂದು ಚೂರನ್ನು ಬೆರಳಲ್ಲಿ ಪುಡಿ ಮಾಡಿದರು.

"ಸಾಹೇಬ್ರ, ಇದು ದನಾ ಕಾಯೋರು ಚಳಿಗೆ ಕಾಸಿದ ಬೆಂಕಿದು. ಈ ಗುಡ್ಡದಾಗ ಎಲ್ಲಿ ಅಗದ್ರೂ ಇದ್ದಿಲು ಸಿಗ್ತೈತಿ. ನಿಮ್ಮ ಜೀಪಿನ ಬುಡಕ ಅಗೀರಿ, ಅಲ್ಲೂ ಸಿಗ್ತೈತಿ."

ಸಾಹೇಬರು ಕನ್ನಡಕ ಒರೆಸಿಕೊಂಡರು. "ಅವರು ಹೇಳೋದರಲ್ಲೂ ಅರ್ಥ ಇದೆಯಲ್ಲಮ್ಮ. ಇದ್ದಿಲ ಮೇಲೆ ಹೆಸರು ಬರೆದಿರೋದಿಲ್ಲ" ಅಂದರು.

ಅಪ್ಪಾ, ನಿನ್ನ ಇದ್ದಿಲು ಕೊಳೆಯಲಿಲ್ಲ, ಹುಳ ತಿನ್ನಲಿಲ್ಲ, ಯಾರೂ ಕದಿಯಲಿಲ್ಲ. ಆದರೆ ಮಾತಿನಿಂದ ಅದನ್ನು ಪುಡಿ ಮಾಡಬಹುದು ಎಂಬುದು ನಿನಗೆ ಹೊಳೆದಿರಲಿಲ್ಲ, ಅಲ್ಲವೇ? ಏಳನೆಯ ಜಾಗದ ಹತ್ತಿರ ಬಂದು ನಿಂತೆ. ಇಲ್ಲೇ ಹೌದೋ, ಎಂಟನೆಯದರ ಕೆಳಗೋ? ಬಿದಿರು ಮೆಳೆ ಇಲ್ಲೇ ಇತ್ತೋ, ಆ ಕಡೆಯೋ? ಹೇಳಿ ಸಿಗದಿದ್ದರೆ ನೀನು ಸುಳ್ಳುಗಾರ, ನಾನು ಸುಳ್ಳುಗಾರನ ಮಗಳು. ಹೇಳದೆ ಇದ್ದರೆ?

"ತಡೀರಿ" ಅಂದೆ. ಈ ಸಲ ನನ್ನ ಧ್ವನಿ ನನಗೇ ಕೇಳಿಸಿತು. "ಅಗಿಯೂಕಿಂತ ಮೊದಲ ಬರ್ಕೋರಿ ಸಾಹೇಬ್ರ. ಇದರಾಗ ಇದ್ದಿಲು ಇಲ್ಲ. ನನ್ನ ಪಾಟಿ ಐತಿ. ಮೂರು ಚೂರು. ಐದು ಗೆರಿ ಕೊರದಾರ, ಮೂರನೇ ಗೆರಿ ಸೊಟ್ಟ ಹೋಗೇತಿ. ಒಂದು ಮೂಲ್ಯಾಗ ತೂತು ಐತಿ. ಇದರಾಗ ಒಂದ ಸುಳ್ಳಾದ್ರೂ ನಾ ಇಲ್ಲೇ ಗೌಡ್ರ ಕಾಲು ಹಿಡದು ಹೋಗ್ತೇನಿ."

ಸಾಹೇಬರು ಬರೆದುಕೊಂಡರು. ದ್ಯಾಮಣ್ಣ ಕಾಕಾ ಅಗೆದರು. ಮೊಳಕೈ ಆಳ, ಏನೂ ಇಲ್ಲ. ಇನ್ನೂ ಒಂದು ಗೇಣು, ಏನೂ ಇಲ್ಲ. ಗೌಡರು ಹೆಗಲ ಮೇಲಿನ ವಸ್ತ್ರ ಝಾಡಿಸಿ, "ಪಾಟಿ ಸಾಲೀಗೆ ಹೋಗಿರಬೇಕ್ರಿ" ಅಂದರು. ಮತ್ತೆ ನಗೆ. ನಾನು ಗುದ್ದಲಿ ಕಸಿದುಕೊಂಡೆ. ಅಷ್ಟು ಧೈರ್ಯ ಹೇಗೆ ಬಂತೋ ಗೊತ್ತಿಲ್ಲ. ತಗ್ಗಿನ ಮೇಲ್ಬದಿಯನ್ನು ಕೆರೆದೆ. ಕೆರೆಯುವಾಗ 'ಕಿರ್' ಅಂದಿತು. ಸಾಲಿಯ ಸಪ್ಪಳ ಅದು, ಹದಿನಾಲ್ಕು ವರ್ಷದವಳ ಕಿವಿಯಲ್ಲಿ ಕುಳಿತದ್ದು.

ಎರಡು ಚೂರು ಬಂದವು. ಸೆರಗಿನಿಂದ ಒರೆಸಿ ಜೋಡಿಸಿ ಸಾಹೇಬರ ಅಂಗೈಯಲ್ಲಿ ಇಟ್ಟೆ. ಐದು ಗೆರೆ. ಮೂರನೆಯದು ಒಂದು ಚೂರಿನಿಂದ ಇನ್ನೊಂದಕ್ಕೆ ಹಾವಿನ ಹಾಗೆ ದಾಟಿತ್ತು. ಮೂರನೆಯ ಚೂರು, ತೂತಿನ ಮೂಲೆ, ಎಷ್ಟು ಕೆರೆದರೂ ಸಿಗಲಿಲ್ಲ.

"ಮೂರು ಅಂದಿದ್ದಿ" ಅಂದರು ಗೌಡರು. ಆದರೆ ಅವರ ಧ್ವನಿಯಲ್ಲಿ ಜೋರಿರಲಿಲ್ಲ.

"ಗೌಡ್ರ, ಕಲ್ಲು ಎಬ್ಬಿಸಿದವರು ಯಾರ್ರೀ?" ಅಂದೆ.

ಅವರು ನನ್ನನ್ನು ನೋಡಲಿಲ್ಲ, ದ್ಯಾಮಣ್ಣ ಕಾಕಾನನ್ನು ನೋಡಿದರು. ಆಮೇಲೆ ಒಮ್ಮೆಲೇ ಸಿಡಿದರು. "ನಾನ ಎಬ್ಬಿಸೇನಿ! ಹೌದು! ಮೂರು ಸುಗ್ಗಿ, ಒಬ್ಬ ನರಪಿಳ್ಳಿ ಬರಲಿಲ್ಲ ಮಂಚಿಕಿಗೆ. ನನ್ನ ಹೆಂಡತಿ ಡಬ್ಬಿ ಬಡದು ಬಡದು ಕೈ ಬಾತುವು. ನೀರು ಇವರು ಕುಡೀಬೇಕು, ಹಂದಿ ನಾವು ಮೇಸಬೇಕು. ಗಾರ್ಡ ಇದ್ದಾಗ ಒಂದ ದಿನಾ ತಪ್ಪಲಿಲ್ಲ, ಅಂವಾ ಹ್ವಾದ ಮ್ಯಾಲ ಎಲ್ಲಾರೂ ಸಾಹುಕಾರರಾದ್ರು!"

ಕೆಳಗಿನೂರಿನ ಕಡೆ ಸಿಳ್ಳೆ ನಿಂತಿತು. ದ್ಯಾಮಣ್ಣ ಕಾಕಾ ಕೆಳಗೆ ಬಿದ್ದಿದ್ದ ಗುದ್ದಲಿಯ ಕಾವು ನೋಡುತ್ತಿದ್ದರು. ನನಗೆ ಅವರ ಮೇಲೆ ಎಷ್ಟು ಪ್ರೀತಿ ಇದೆ ನಿನಗೆ ಗೊತ್ತು. ಚಿಕ್ಕಂದಿನಲ್ಲಿ ಅವರ ಹೆಗಲ ಮೇಲೆ ಕುಳಿತು ಕೆರೆ ನೋಡಿದವಳು. ಆದರೂ ಹೇಳಿದೆ.

"ಕಾಕಾ, ಗೌಡ್ರು ಕಲ್ಲು ಎತ್ತಿದ್ದು ಹೋದ ವರ್ಷ. ನೀವು ಎತ್ತಿದ್ದು ಅದಕ್ಕಿಂತ ಮೊದಲ. ಕಾವಲಾ ಬಿಟ್ಟ ದಿನಾನ ಗಡಿ ಸರದೈತಿ. ನನ್ನ ಮನಿಗೆ ಬಂದು ಅರ್ಧಾ ಮಾತು ಹೇಳಿದ್ರಿ. ಉಳದರ್ಧಾ ಈಗ ಎಲ್ಲಾರ ಮುಂದ ಹೇಳ್ರಿ."

ಅವರು ಗೌಡರ ಎದುರಿಗೆ ಬಂದು ನಿಂತರು. "ಖರೇ" ಅಂದರು ಕಡೆಗೆ. "ತಪ್ಪು ನಮ್ಮದೂ ಐತಿ. ಗೌಡಾ, ಗಂಟಲಾ ಹೋಗೂ ತನಕ ಕೂಗೀದ್ದನ್ನ ನಾನ ಮರತೆ."

ಸಾಹೇಬರಿಗೆ ಇದೆಲ್ಲ ಹೊಸದು. ಕಲ್ಲನ್ನು ಹಳೆಯ ಜಾಗಕ್ಕೇ ಇಳಿಸಬೇಕು ಎಂದು ಬರೆದರು. ಕಾವಲಿನ ಮಾತು ಬಂದಾಗ ಮಾತ್ರ ಪೆನ್ನು ನಿಲ್ಲಿಸಿದರು. "ಒಂದು ಊರಿನವರು ಇನ್ನೊಂದು ಊರಿನ ಬೆಳೆ ಕಾಯಬೇಕು ಅಂತ ಯಾವ ನಿಯಮದಲ್ಲೂ ಇಲ್ಲಮ್ಮ. ನಾನು ಗಡಿ ಮಾತ್ರ ಬರೀಬಹುದು."

"ಹಂಗಂದ್ರ ಇವತ್ತು ಬರ್ಕೋರಿ" ಅಂದೆ. "ನಿಯಮದಾಗ ಇಲ್ಲಂತ ನಮ್ಮಪ್ಪ ಬಿಟ್ಟಿದ್ರ ಈ ಗುಡ್ಡ ಬೋಳಾಗಿ ಒಂಬತ್ತು ವರ್ಷ ಆಗಿರ್ತಿತ್ತು. ಕಾವಲಾ ಇಲ್ಲದ ಗಡಿ ಬರದ್ರ ಬರೂ ವರ್ಷ ಮತ್ತ ಕಲ್ಲು ಏಳ್ತಾವ, ಮತ್ತ ನೀವು ಜೀಪು ತರಬೇಕು. ಗೌಡ್ರ ಹೊಟ್ಟಿ ಬಿಟ್ಟು ಅಡವಿ ಉಳಿಯೂದಿಲ್ಲರಿ, ಅಡವಿ ಬಿಟ್ಟು ಕೆರಿ ಉಳಿಯೂದಿಲ್ಲ. ನೀವು ಬರೆಯೂ ತನಕಾ ನಾ ಇಲ್ಲಿಂದ ಇಳಿಯೂದಿಲ್ಲ."

ಹಾಗೆಂದು ತಗ್ಗಿನ ದಂಡೆಯಲ್ಲಿ ಕುಳಿತೇಬಿಟ್ಟೆ. ಕಾಶಕ್ಕ ಪಕ್ಕದಲ್ಲಿ ಕುಳಿತಳು. ಅವಳ ಹಿಂದೆ ಕಟ್ಟಿಗೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕುಳಿತರು. ಕಡೆಗೆ, ನಂಬುತ್ತೀಯೋ ಇಲ್ಲವೋ, ಗೌಡರೇ ಬಂದು ಕುಳಿತರು. "ಗಾರ್ಡಗಿಂತ ಒಂದು ಕೈ ಮ್ಯಾಲ ಅದಾಳ ಇಕಿ. ಅಂವಾ ನಿಂತರ ಮಾತಾಡ್ತಿದ್ದ" ಎಂದು ಗೊಣಗಿದರು. ಸಾಹೇಬರು ಜೀಪಿನ ಕಡೆ ನೋಡಿದರು, ನಮ್ಮ ಕಡೆ ನೋಡಿದರು, ಬರೆದರು. 'ಎರಡೂ ಊರಿನವರ ಒಪ್ಪಿಗೆಯಂತೆ' ಎಂದು ಬೇರೆ ಹಾಳೆಯ ಮೇಲೆ, ಕನ್ನಡದಲ್ಲಿ. ಓದಿ ಹೇಳಿ ಎಂದೆ. ಓದಿದರು. ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಓದಿದರು.

ಸಹಿಯ ಹೊತ್ತಿಗೆ ಕಾರಕೂನ ಮಸಿಯ ಡಬ್ಬಿ ನನ್ನ ಮುಂದೆ ಹಿಡಿದ. ನಾನು ಪೆನ್ನು ಕೇಳಿದೆ. ಗ ಬರೆದು ಸೊನ್ನೆ ಇಟ್ಟು ಗ, ವ್ವ. ನೀನು ಕೊರೆದ ಗೆರೆಗಳಿರಲಿಲ್ಲ, ಅಕ್ಷರ ಗುಡ್ಡದ ಹಾಗೆ ಮೇಲಕ್ಕೆ ಹೋಯಿತು. ಹೋಗಲಿ. ಮೊದಲ ಕಾಗದದಲ್ಲಿ ನೀನು ಬಿಟ್ಟ ಹೆಸರು ಈ ಕಾಗದದಲ್ಲಿ ಎಲ್ಲರಿಗಿಂತ ಮೇಲೆ ಇದೆ.

ಈ ವಾರ ಕಲ್ಲುಗಳು ಕೆಳಗೆ ಬಂದಿವೆ. ಮೊದಲ ಪಾಳಿಗೆ ದ್ಯಾಮಣ್ಣ ಕಾಕಾನೇ ಮಂಚಿಕೆ ಏರಿದ್ದಾರೆ. ಗೌಡರ ಮನೆಯಿಂದ ರೊಟ್ಟಿ ಹೋಗುತ್ತದಂತೆ, ಜೊತೆಗೆ ಬೈಗುಳವೂ. ಏಳನೆಯ ಕಲ್ಲಿನ ಕೆಳಗೆ ಎರಡು ಚೂರನ್ನು ಮತ್ತೆ ಹೂತಿದ್ದೇನೆ. ಪ್ರತಿ ವರ್ಷ ಮಳೆಗಿಂತ ಮುಂಚೆ ಆ ಒಂಬತ್ತು ಕಲ್ಲನ್ನೂ ನಾನು ಎಣಿಸಿಕೊಂಡು ಬರುತ್ತೇನೆ. ಕಾಲು ನಡುಗಲಿ, ಚಿಲಕ ಹಾಕಿರಲಿ ಬಿಡಲಿ. ಯಾರು ನಗುತ್ತಾರೋ ನಗಲಿ.

ಆದರೆ ಅಪ್ಪಾ, ಒಂದು ಚಿಂತೆ ಉಳಿದಿದೆ. ಸಾಹೇಬರ ಹಾಳೆಯಲ್ಲಿ 'ಮೂರು ಎಂದು ಹೇಳಿದರು, ಎರಡು ದೊರೆತವು' ಎಂದೇ ಇದೆ. ನಾಳೆ ಯಾರಾದರೂ ಅದನ್ನೇ ಹಿಡಿದು ಎಳೆದರೆ? ನಾನು ತಪ್ಪು ಎಣಿಸಿದೆನೇ? ಚೂರು ಮೂರಾದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಮೂರನ್ನೂ ನಿನ್ನ ಕೈಗೇ ಕೊಟ್ಟಿದ್ದೆ. ನೀನು ಬಗ್ಗಿ ತಗ್ಗಿನಲ್ಲಿ ಇಡುವಾಗ ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ, ನೋಡಲಿಲ್ಲ. ನಿನ್ನೆ ಗೂಡು ಸ್ವಚ್ಛ ಮಾಡುತ್ತಿದ್ದಾಗ ಸುಣ್ಣದ ಡಬ್ಬಿ ಕೈಗೆ ಬಂತು. ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಡಬ್ಬಿ ಇಲ್ಲೇ ಇದ್ದ ಮೇಲೆ, ಅವತ್ತು ನಿನ್ನ ಅಂಗಿಯ ಗುಂಡಿ ಹಾಕುವಾಗ ಕೈಗೆ ಹತ್ತಿದ್ದು...

ನಿನಗೆ ತೊಂದರೆ ಇಲ್ಲವಾದರೆ ಎಡಗಿಸೆ ಒಮ್ಮೆ ತಡವಿ ನೋಡು. ಅದರೊಳಗಿನ ಚೂರಿನ ಮೂಲೆಯಲ್ಲಿ ತೂತು ಇದೆಯೇ, ಇನ್ನೊಮ್ಮೆ ನೋಡು.